ಹತ್ತು ಎನ್ನದ ಮನುಷ್ಯ

ನನ್ನ ಗಂಡ ಮಲ್ಲಿಕಾರ್ಜುನ ಅವರಿಗೆ ಊಟ ಆಯಿತೇ ಎಂದು ಕೇಳಿದರೆ ಹೌದು ಎಂದೋ ಇಲ್ಲ ಎಂದೋ ಉತ್ತರ ಬರುತ್ತಿರಲಿಲ್ಲ. "ಏಳು" ಎನ್ನುತ್ತಿದ್ದರು. ಊಟವಾಗಿದೆ, ಮಜ್ಜಿಗೆ ಅನ್ನ ಬಾಕಿ ಇದೆ ಎಂದು ಅದರ ಅರ್ಥ. ಇಂಥವರ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ಅದಕ್ಕೆ ಯಾರೂ ನನಗೆ ಶಾಲು ಹೊದಿಸಿಲ್ಲ.

ಇವರ ಅಜ್ಜ ಹುಮನಾಬಾದಿನ ಕಡೆಯವರು. ಸರಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದವರು ಇಲ್ಲೇ ಉಳಿದರು. ನಾವಿರುವುದು ಲಿಂಗಂಪಲ್ಲಿಯಲ್ಲಿ, ಸ್ಟೇಷನ್ನಿನ ಹಿಂದಿನ ಗಲ್ಲಿಯ ಎರಡನೆಯ ಮಹಡಿಯಲ್ಲಿ. ನಾನು ಅಲ್ಲೇ ಹತ್ತಿರದ ಖಾಸಗಿ ಶಾಲೆಯಲ್ಲಿ ಗಣಿತದ ಟೀಚರ್, ಹೆಸರು ಸ್ನೇಹಲತಾ. ಇವರು ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ತಯಾರಾದ ಪುಡಿ ಎಷ್ಟು ಶುದ್ಧ ಎಂದು ಪರೀಕ್ಷಿಸುವುದು ಕೆಲಸ. ತೊಂಬತ್ತೊಂಬತ್ತು ಬಿಂದು ಏಳು ಎಂದು ಬರೆದು ಸಹಿ ಹಾಕುತ್ತಾರೆ. ನೂರು ಎಂದು ಒಂದು ದಿನವೂ ಬರೆದವರಲ್ಲ.

ಈ ಹುಚ್ಚು ಹತ್ತಿದ್ದು ಅಬಿಡ್ಸಿನಲ್ಲಿ. ಮದುವೆಯಾದ ಹೊಸತರಲ್ಲಿ, ಒಂದು ಭಾನುವಾರ, ಫುಟ್‌ಪಾತಿನ ಹಳೆಯ ಪುಸ್ತಕಗಳ ರಾಶಿಯಲ್ಲಿ ಒಂದು ತರ್ಕಶಾಸ್ತ್ರದ ಪುಸ್ತಕಕ್ಕೆ ಇವರೂ ಇನ್ನೊಬ್ಬರೂ ಒಟ್ಟಿಗೇ ಕೈ ಹಾಕಿದರಂತೆ. ಆ ಇನ್ನೊಬ್ಬರೇ ರವಿಶಂಕರ್ ಮೇಷ್ಟ್ರು. ರಾಯಚೂರಿನವರು, ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೇಷ್ಟ್ರು ಕೂತು ಒಂದು ಭಾಷೆ ಕಟ್ಟುತ್ತಿದ್ದರು. ಅದಕ್ಕೆ ತೂಕನುಡಿ ಎಂದು ಹೆಸರಿಟ್ಟಿದ್ದರು. ಅರ್ಧ ನಿಜಕ್ಕೆ ಪೂರಾ ನಿಜದ ಅಂಗಿ ತೊಡಿಸಿದಾಗ ಜಗಳ ಹುಟ್ಟುತ್ತದೆ ಎನ್ನುವುದು ಅವರ ವಾದ. ಅದಕ್ಕಾಗಿ ಆ ಭಾಷೆಯಲ್ಲಿ ಯಾವ ಮಾತನ್ನಾಡಿದರೂ ಕೊನೆಗೆ ಒಂದು ಅಂಕೆ ಹೇಳಲೇಬೇಕು. ಸೊನ್ನೆ ಎಂದರೆ ಪೂರ್ತಿ ಸುಳ್ಳು, ಮೇಲೇರಿದಂತೆ ನಿಜ ಹೆಚ್ಚು.

ಅಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆ ಭಾಷೆಯಲ್ಲಿ 'ಇಲ್ಲ' ಎನ್ನಲು ನಾಲ್ಕು ಶಬ್ದ. ಮೊದಲ ಸಲ ನನಗೆ ವಿವರಿಸಿದ್ದು ಊಟದ ತಟ್ಟೆಯ ಮುಂದೆ ಕೂತು.

"ಸಾರು ಬಿಸಿ ಇಲ್ಲ ಅಂತ ನಾ ಅಂದೆ ಅನ್ನು. ನಿನಗೇನು ತಿಳೀತು?"

"ನಿಮಗ ಸೊಕ್ಕು ಬಂದೈತಿ ಅಂತ ತಿಳೀತು" ಎಂದೆ.

ಅವರು ನಗದೆ ಮುಂದುವರಿಸಿದರು. ಬಿಸಿ ಅನ್ನೋ ಮಾತು ಸುಳ್ಳು, ಮುಂದಿನದು ನನ್ನ ಕೇಳಬೇಡ ಅಂದರೆ ಅದು 'ಮೊ'. ಬಿಸಿ ಬಿಟ್ಟು ಬೇರೆ ಏನೋ ಒಂದು ಹದದಲ್ಲಿದೆ ಅಂದರೆ 'ಮೊರ'. ಬಿಸಿಯೂ ಅಲ್ಲ ತಣ್ಣಗೂ ಅಲ್ಲ, ನಟ್ಟನಡುವೆ ಇದೆ ಅಂದರೆ 'ಮೊನ'. ಬಿಸಿಗೆ ತೀರ ಉಲ್ಟಾ, ಐಸ್ ಆಗಿದೆ ಅಂದರೆ 'ಮೊಟ'. ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಸಾರು ನಿಜಕ್ಕೂ 'ಮೊಟ' ಆಗಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟಹಾಗೆ ಮಾತಾಡುವ ಗಂಡಸರನ್ನು ಕಂಡಿದ್ದೆ. ಗೋಡೆಯ ಎತ್ತರವನ್ನೂ ದೀಪದ ಬೆಳಕನ್ನೂ ಅಳೆದು ಹೇಳುವವನನ್ನು ಕಟ್ಟಿಕೊಂಡಿದ್ದೆ.

ಭಾನುವಾರಕ್ಕೊಮ್ಮೆ ಅಬಿಡ್ಸಿನ ಇರಾನಿ ಹೋಟೆಲಿನಲ್ಲಿ ಐದಾರು ಜನ ಸೇರಿ ಈ ಭಾಷೆಯಲ್ಲಿ ಮಾತಾಡುತ್ತಿದ್ದರು. ಅವರಲ್ಲೊಂದು ಪದ್ಧತಿ ಇತ್ತು. ಅಂಕೆ ಹತ್ತರವರೆಗೆ ಇದ್ದರೂ ಹತ್ತನ್ನು ಯಾರೂ ಬಾಯಿಂದ ಆಡುವಂತಿರಲಿಲ್ಲ. ಮನುಷ್ಯ ಯಾವುದನ್ನೂ ಪೂರಾ ತಿಳಿದಿರುವುದಿಲ್ಲ, ಆ ಜಾಗ ಖಾಲಿ ಇರಲಿ ಎಂದು ಮೇಷ್ಟ್ರು ಮಾಡಿದ ಕಟ್ಟಳೆ. ಬಾಯಿತಪ್ಪಿ ಹತ್ತು ಎಂದವರು ಆ ದಿನ ಎದ್ದು ಹೋಗುವವರೆಗೆ ಮೌನವಾಗಿ ಕೂತಿರಬೇಕು. ನಾಳೆ ಸೂರ್ಯ ಹುಟ್ಟುತ್ತಾನೆಯೇ ಎಂದರೂ ಇವರು ಒಂಬತ್ತೂವರೆಗೇ ನಿಲ್ಲುತ್ತಿದ್ದರು. ಮದುವೆಯ ಮೊದಲ ವಾರ್ಷಿಕದ ದಿನ, "ನನ್ನ ಮ್ಯಾಲ ಪ್ರೀತಿ ಐತೇನ್ರಿ?" ಎಂದು ಕೇಳಿದ್ದೆ. ತುಸು ಯೋಚಿಸಿ "ಎಂಟು" ಎಂದರು. ಮೂರು ದಿನ ಮಾತು ಬಿಟ್ಟೆ. ಮೂರನೆಯ ದಿನ, ಇಲ್ಲಿಯವರೆಗೆ ಬೇರೆ ಯಾರಿಗೂ ಎಂಟು ಕೊಟ್ಟಿಲ್ಲ ಎಂದು ಹೇಳಿದರು. ಅವರವ್ವನಿಗೆ ಏಳೂವರೆಯಂತೆ. ನನಗೆ ನಗು ಬಂದುಬಿಟ್ಟಿತು.

ನಾನು ಆ ಭಾಷೆ ಕಲಿಯಲಿಲ್ಲ. ಕಲಿಯುವುದಿಲ್ಲ ಎಂದು ಹಟ ಹಿಡಿದಿದ್ದೆ. ಕಲಿತವನು ನನ್ನ ತಮ್ಮ ಬಸವಕಿರಣ. ಅವ್ವ ತೀರಿಕೊಂಡಾಗ ಅವನಿಗೆ ಹದಿಮೂರು, ನನಗೆ ಇಪ್ಪತ್ತೈದು. ಅವನನ್ನು ನಾವೇ ಸಾಕಿದೆವು. ಓದಿಸಿದವರು ಇವರು, ತಮ್ಮ ಕಾರ್ಖಾನೆಯ ಬೆಂಕಿ ಆರಿಸುವ ದಳಕ್ಕೆ ಸೇರಿಸಿದವರೂ ಇವರೇ. ಕಿರಣ ಭಾಷೆಯನ್ನು ಆಟದಂತೆ ಕಲಿತ. ಪರೀಕ್ಷೆ ಹೇಗಾಯಿತೋ ಎಂದರೆ "ಆರು, ಅಕ್ಕಾ" ಎನ್ನುತ್ತಿದ್ದ. ಫಲಿತಾಂಶ ಬಂದರೆ ಅದೇ ಸರಿ ಇರುತ್ತಿತ್ತು. ಅವನು ಭಾವನನ್ನು ನೋಡುವ ರೀತಿ ಕಂಡು ಒಮ್ಮೊಮ್ಮೆ ನನಗೇ ಹೊಟ್ಟೆಕಿಚ್ಚು. ಇವರಿಗಾಗಿ ಅವನು ಬಾವಿಗೆ ಹಾರು ಎಂದರೆ ಹಾರುವವನು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಇವರಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು.

ಹೋದ ವರ್ಷ ಮಾರ್ಚ್ ತಿಂಗಳ ಒಂದು ಮಂಗಳವಾರ. ಶಾಲೆಯಲ್ಲಿ ಮೂರನೆಯ ಪಿರಿಯಡ್ ನಡೆದಿತ್ತು. ಆಯಾ ಓಡಿ ಬಂದು ಪಟಾನ್‌ಚೆರುವಿನಲ್ಲಿ ಬೆಂಕಿ ಎಂದಳು. ಸ್ಟಾಫ್ ರೂಮಿನಲ್ಲಿ ಎಲ್ಲರ ಫೋನಿನಲ್ಲೂ ಅದೇ ವಿಡಿಯೋ. ಕರಿ ಹೊಗೆ, ಓಡುವ ಜನ, ಹಿಂದೆ ನೀಲಿ ಬಣ್ಣದ ನೀರಿನ ಟ್ಯಾಂಕು. ಆ ಟ್ಯಾಂಕನ್ನು ನಾನು ಗುರುತಿಸಿದೆ. ಇವರ ಕಾರ್ಖಾನೆಯದೇ.

ಇವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮೆಸೇಜ್ ಬಂತು.

"ಹೊರಗ ಬಂದೀನಿ. ಆರಾಮ ಅದೀನಿ. ಹತ್ತು."

ಓದಿ ಕುರ್ಚಿಯ ಮೇಲೆ ಕುಸಿದು ಕೂತೆ. ಹೆಡ್ ಮೇಡಂ ನೀರು ಕೊಟ್ಟರು. ಎಲ್ಲರಿಗೂ ಮೆಸೇಜ್ ತೋರಿಸಿದೆ. ದೇವರು ದೊಡ್ಡವನು ಎಂದರು. ನಾನು ಕಣ್ಣೊರೆಸಿಕೊಂಡು, ಕೈಗೆ ಏನಾದರೂ ಕೆಲಸ ಬೇಕು ಎಂದು ಮಕ್ಕಳ ನೋಟ್‌ಬುಕ್ ತಿದ್ದಲು ಕೂತೆ. ಮೊದಲನೆಯ ಹುಡುಗಿ ಎಲ್ಲ ಲೆಕ್ಕ ಸರಿ ಮಾಡಿದ್ದಳು. ಕೆಂಪು ಪೆನ್ನಿನಿಂದ ಹತ್ತಕ್ಕೆ ಹತ್ತು ಎಂದು ಬರೆದೆ. ಬರೆದ ಕೈ ಅಲ್ಲೇ ನಿಂತಿತು.

ಇವರು ಹತ್ತು ಎಂದು ಯಾವತ್ತು ಅಂದಿದ್ದಾರೆ?

ಹೊರಗಿದ್ದರೆ ಒಂಬತ್ತು ಎನ್ನುತ್ತಿದ್ದರು. ಆರಾಮ ಇದ್ದರೆ, ಹೊಗೆ ಕುಡಿದಿರುವುದರಿಂದ ಏಳು ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಅಂಕೆ ಹೇಳದೆ ಚಹಾ ಕುಡಿಯದ ಮನುಷ್ಯ, ಸೂರ್ಯನಿಗೂ ಕೊಡದ ಅಂಕೆಯನ್ನು ಇದಕ್ಕೇಕೆ ಕೊಟ್ಟರು? ನನ್ನನ್ನು ನಂಬಿಸಬೇಕಾಗಿತ್ತು. ಅವಸರದಲ್ಲಿ, ನಂಬಿಸುವುದಕ್ಕೆ ಎಲ್ಲಕ್ಕಿಂತ ದೊಡ್ಡದು ಯಾವುದೋ ಅದನ್ನು ಎತ್ತಿಕೊಂಡಿದ್ದರು. ತಿರುಗಿ ಫೋನ್ ಮಾಡಿದೆ. ಸ್ವಿಚ್ ಆಫ್.

ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ. ಆಟೋದವನಿಗೆ ಪಟಾನ್‌ಚೆರು ಎಂದೆ. ಆ ದಾರಿಯುದ್ದಕ್ಕೂ ನನ್ನೊಳಗೆ ವಾದ ನಡೆಯಿತು. ಗಾಬರಿಯಲ್ಲಿ ಬೆರಳು ತಪ್ಪಿರಬಹುದು. ಹೆಂಡತಿ ಹೆದರಿದ್ದಾಳೆ, ಇವತ್ತೊಂದಿನ ಸಮಾಧಾನ ಮಾಡೋಣ ಎಂದು ಬರೆದಿರಬಹುದು. ಬೆಂಕಿಯಿಂದ ಪಾರಾದ ಖುಷಿಗೆ ಕಟ್ಟಳೆ ಮುರಿದಿರಬಹುದು. ಇವೆಲ್ಲ ಆಗಬಹುದಾದದ್ದೇ. ನಾನು ತೂಕ ಹಾಕಿ ನೋಡಿದೆ, ಇವರ ತೂಕನುಡಿಯಲ್ಲೇ ಹಾಕಿದೆ. ಇವರು ಒಳಗಿದ್ದಾರೆ ಎನ್ನುವುದು ಆರು. ಬಹಳವಾದರೆ ಆರೂವರೆ. ಅದಕ್ಕಿಂತ ಒಂದು ಗುಂಜಿ ಹೆಚ್ಚಿರಲಿಲ್ಲ. ಇದನ್ನು ಇಲ್ಲಿ ಬರೆದೇ ಬಿಡುತ್ತೇನೆ.

ಗೇಟಿನ ಮುಂದೆ ಹಗ್ಗ ಕಟ್ಟಿದ್ದರು. ಗಾಳಿಗೆ ಏನೋ ಸಿಹಿಯಾದ, ಗಂಟಲು ಕೆರೆಯುವ ವಾಸನೆ. ಪಟ್ಟಿ ಹಿಡಿದು ನಿಂತಿದ್ದ ಸೆಕ್ಯೂರಿಟಿಯವನು ಇವರ ಹೆಸರು ನೋಡಿ, "ಬಯಟೇ ಉನ್ನಾರಮ್ಮಾ, ಟಿಕ್ ಉಂದಿ" ಎಂದ. ಹೊರಗೇ ಇದ್ದಾರಂತೆ, ಹೆಸರಿನ ಮುಂದೆ ಗೆರೆ ಇದೆಯಂತೆ. ನೋಡಿದವರು ಯಾರು ಎಂದು ತೆಲುಗಿನಲ್ಲಿ ಕೂಗಿದೆ. ಯಾರೂ ನೋಡಿರಲಿಲ್ಲ. ಗಾಯಾಳುಗಳ ಜೊತೆ ಆಸ್ಪತ್ರೆಗೆ ಹೋಗಿರಬೇಕು ಎಂದ ಒಬ್ಬ. ರಸ್ತೆಯಾಚೆ ನೂರಾರು ಜನ ಕೂತಿದ್ದಾರೆ, ಅಲ್ಲಿ ಹುಡುಕಿ ಎಂದ ಇನ್ನೊಬ್ಬ. ಹುಡುಕಿದೆ. ಪ್ರತಿ ಮುಖ ನೋಡಿದೆ. ಇವರಿಲ್ಲ.

ಅಷ್ಟರಲ್ಲಿ ಕಿರಣ ಕಂಡ. ಮೈತುಂಬ ಮಸಿ, ತಲೆಯ ಮೇಲೆ ಹೆಲ್ಮೆಟ್. ನೀರಿನ ಪೈಪು ಬಿಟ್ಟು ನನ್ನ ಕಡೆ ಬಂದ.

"ಅಕ್ಕಾ, ನೀ ಯಾಕ ಬಂದಿ? ಭಾವಾರು ಹೊರಗ ಅದಾರ. ನನಗೂ ಮೆಸೇಜ್ ಮಾಡ್ಯಾರ. ನಾನ ಟಿಕ್ ಹಾಕಿಸೀನಿ."

"ನೀ ಕಣ್ಣಿಲೆ ನೋಡಿದೇನು?"

ಅವನು ರಸ್ತೆಯಾಚೆ ಕೂತ ಜನರ ಕಡೆ ತಿರುಗಿ ನೋಡಿದ.

"ನಿನಗೇನಂತ ಬರದಾರ? ತೋರಸು."

ಫೋನ್ ತೆಗೆದು ತೋರಿಸಿದ. ಹೊರಗ ಬಂದೀನಿ, ನೀ ನಿನ್ನ ಕೆಲಸ ನೋಡು, ಎಂದಷ್ಟೇ ಇತ್ತು. ಅಂಕೆಯೇ ಇರಲಿಲ್ಲ. ತೂಕನುಡಿ ಬಲ್ಲವನಿಗೆ ಅಂಕೆಯಿಲ್ಲದ ಮಾತು ಕಳಿಸಿದ್ದರು. ಅವನು ಬೆಂಕಿಯ ಗಡಿಬಿಡಿಯಲ್ಲಿ ಅದನ್ನು ಗಮನಿಸಿರಲಿಲ್ಲ. ನನ್ನ ಫೋನ್ ಅವನ ಮುಂದೆ ಹಿಡಿದೆ. ಅವನು ಓದಿದ. ಮಸಿಯ ಕೆಳಗೂ ಅವನ ಮುಖ ಬಿಳಿಚಿಕೊಂಡದ್ದು ಕಂಡಿತು.

ನನಗೆ ಆಗ ಎಲ್ಲ ಹೊಳೆಯಿತು. ಒಳಗಿದ್ದೇನೆ ಎಂದು ತಿಳಿದರೆ ಈ ಹುಡುಗ ನುಗ್ಗುತ್ತಾನೆ. ಅದಕ್ಕೇ ಇವರು ಸುಳ್ಳು ಹೇಳಿರಬೇಕು. ನಾನು ಬಾಯಿ ಬಿಟ್ಟರೆ ತಮ್ಮನನ್ನು ಬೆಂಕಿಗೆ ಕಳಿಸಿದ ಹಾಗೆ. ಮುಚ್ಚಿಕೊಂಡರೆ ಗಂಡನನ್ನು ಅಲ್ಲೇ ಬಿಟ್ಟ ಹಾಗೆ. ಅಷ್ಟು ಹೆದರಿಕೆ ನನ್ನ ಹೆರಿಗೆ ಕೆಟ್ಟು ಕೂಸು ಹೋದಾಗಲೂ ಆಗಿರಲಿಲ್ಲ.

ಕಿರಣ ಲ್ಯಾಬಿನ ಕಡೆ ನೋಡಿದ. ಅದು ಹಿಂದುಗಡೆ ಇತ್ತು. ಬೆಂಕಿ ಇನ್ನೂ ಅಲ್ಲಿ ಮುಟ್ಟಿರಲಿಲ್ಲ, ಆದರೆ ಹೊಗೆ ಪೂರಾ ತುಂಬಿತ್ತು.

"ಉಸಿರಾಟದ ಸಿಲಿಂಡರ್ ಎರಡೂ ಬೆಂಕಿ ಹತ್ತಿದ ಶೆಡ್ಡಿನ್ಯಾಗ ಅದಾವ. ಫೈರ್ ಇಂಜಿನ್ ಬರಾಕತ್ತೈತಿ, ಅದರಾಗ ಇರತಾವ. ಐದು ಹತ್ತು ನಿಮಿಷ" ಎಂದ. ನನ್ನ ಎರಡೂ ತೋಳು ಹಿಡಿದ. "ಅಕ್ಕಾ, ಸರಿಯಾಗಿ ಹೇಳು. ಒಳಗ ಅದಾರಂತ ನಿನಗೆಷ್ಟು ಗ್ಯಾರಂಟಿ? ಎಷ್ಟು?"

ಅವನು ಅಂಕೆ ಕೇಳುತ್ತಿದ್ದ. ನನ್ನ ಹತ್ತಿರ ಆರಿತ್ತು.

"ಹತ್ತು" ಎಂದೆ.

ಕಿರಣ ಟವೆಲ್ಲನ್ನು ನೀರಿನಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ಓಡಿದ. ಅವನ ಮೇಲಧಿಕಾರಿ ಕೂಗುತ್ತಲೇ ಇದ್ದ. ಹೊಗೆಯೊಳಗೆ ಮೊದಲು ಹೆಲ್ಮೆಟ್ ಮರೆಯಾಯಿತು, ಆಮೇಲೆ ಹಳದಿ ಬೂಟು. ಆಗ ಹನ್ನೊಂದು ಗಂಟೆ ನಲವತ್ತೆಂಟು ನಿಮಿಷ. ಫೋನ್ ಕೈಯಲ್ಲೇ ಇತ್ತು, ಅದರಲ್ಲಿ ನೋಡಿದ್ದು.

ಮುಂದಿನ ಹನ್ನೆರಡು ನಿಮಿಷವನ್ನು ಹೇಗೆ ಬರೆಯಲಿ? ಹಗ್ಗ ಹಿಡಿದು ನಿಂತಿದ್ದೆ. ಮೊದಲೆರಡು ನಿಮಿಷ ಗಂಡನಿಗಾಗಿ ಬೇಡಿಕೊಂಡೆ. ಆಮೇಲೆ ಯಾರಿಗಾಗಿ ಬೇಡುತ್ತಿದ್ದೇನೆ ಎನ್ನುವುದೇ ತಿಳಿಯದಾಯಿತು. ಅವರು ಒಳಗಿಲ್ಲದಿದ್ದರೆ? ಯಾವುದೋ ಆಸ್ಪತ್ರೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರೆ? ಖಾಲಿ ಕೋಣೆಗೆ ತಮ್ಮನನ್ನು ಕಳಿಸಿದ್ದೇನೆ ಎಂಬ ಯೋಚನೆ ಬಂತು. ಆಗ ನಾನು, ದೇವರೇ ಇವರು ಒಳಗೇ ಇರಲಿ ಎಂದು ಬೇಡಿಕೊಂಡೆ. ಹೌದು, ಹಾಗೇ ಬೇಡಿಕೊಂಡೆ. ನನ್ನ ಮಾತು ನಿಜವಾಗಲಿ ಎನ್ನುವುದಕ್ಕಾಗಿ ಗಂಡ ಬೆಂಕಿಯಲ್ಲಿರಲಿ ಎಂದು ಬೇಡಿದ ಹೆಂಗಸು ನಾನು.

ಹನ್ನೊಂದೂ ಐವತ್ತಾರಕ್ಕೆ ಫೈರ್ ಇಂಜಿನ್ ಬಂತು. ಅದರವರು ಇಳಿಯುತ್ತಲೇ, "ವೆನಕ ಸ್ಯಾಂಪಲ್ ರೂಮ್ ಎಕ್ಕಡ? ಇದ್ದರು ಲೋಪಲ ಉನ್ನಾರು" ಎಂದು ಕೇಳಿದರು. ಲ್ಯಾಬಿನ ಹಿಂದಿನ ಸ್ಯಾಂಪಲ್ ಕೋಣೆಯಲ್ಲಿ ಇಬ್ಬರಿದ್ದಾರೆ ಎನ್ನುವುದು ಅವರಿಗೆ ಮೊದಲೇ ಗೊತ್ತಿತ್ತು. ಯಾರು ಹೇಳಿದರು ಎಂದು ಯೋಚಿಸುವ ಶಕ್ತಿ ನನಗಿರಲಿಲ್ಲ. ಅವರು ಸಿಲಿಂಡರ್ ಬೆನ್ನಿಗೆ ಹಾಕಿಕೊಂಡು ಹೊರಟರು.

ಸರಿಯಾಗಿ ಹನ್ನೆರಡಕ್ಕೆ ಲ್ಯಾಬಿನ ಹಿಂಬದಿಯಿಂದ ಮೂವರನ್ನೂ ತಂದರು. ಇವರು ತಮ್ಮ ಕಾಲ ಮೇಲೇ ನಡೆದು ಬಂದರು, ಕೆಮ್ಮುತ್ತ. ಹನುಮಂತ ಎಂಬ ಗುತ್ತಿಗೆ ಕೆಲಸಗಾರನನ್ನು ಸ್ಟ್ರೆಚರಿನಲ್ಲಿ ತಂದರು. ಗಾಜಿನ ಸಾಮಾನಿನ ಕಪಾಟು ಅವನ ಕಾಲ ಮೇಲೆ ಬಿದ್ದಿತ್ತು. ಅವನನ್ನು ಬಿಟ್ಟು ಬರಲಾಗದೆ ಇವರು ಅಲ್ಲೇ ಉಳಿದಿದ್ದರು. ಕಿರಣನನ್ನು ಇಬ್ಬರು ಹೊತ್ತು ತಂದರು. ಕಪಾಟು ಎತ್ತಿದವನು ಅವನೇ. ಎತ್ತಿ ಅಲ್ಲೇ ಬಿದ್ದನಂತೆ. ಲ್ಯಾಬಿನ ಚಾವಣಿ ಕುಸಿದದ್ದು ಹನ್ನೆರಡೂ ಇಪ್ಪತ್ತಕ್ಕೆ.

ಇವರು ಎರಡು ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಬಂದರು. ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಏಪ್ರನ್ ತುರುಕಿ, ನೆಲಕ್ಕೆ ಮುಖವಿಟ್ಟು ಮಲಗಿದ್ದರಿಂದ ಅವರ ಎದೆಗೆ ಹೆಚ್ಚು ಹೊಗೆ ಹೋಗಿರಲಿಲ್ಲ. ಕಿರಣ ಆ ಹೊಗೆ ತುಂಬಿದ ಓಣಿಯನ್ನು ಬರೀ ಒಂದು ಟವೆಲ್ ಕಟ್ಟಿಕೊಂಡು ದಾಟಿದ್ದ. ಅವನು ನಲವತ್ತೊಂದು ದಿನ ಆಸ್ಪತ್ರೆಯಲ್ಲಿದ್ದ.

ಮನೆಗೆ ಬಂದ ದಿನ ಇವರನ್ನು ಕೇಳಿದೆ, ಯಾಕೆ ಹಾಗೆ ಮಾಡಿದಿರಿ ಎಂದು.

"ಮದ್ಲ ಫೈರ್ ಸ್ಟೇಷನ್ನಿಗೆ ಫೋನ್ ಮಾಡಿ ಎಲ್ಲಾ ಹೇಳಿದ್ದೆ. ಎಲ್ಲಿ ಅದೀವಿ, ಎಷ್ಟು ಮಂದಿ, ಸಿಲಿಂಡರ್ ಬೇಕು ಅಂತ. ಬಾಗಿಲ ಮುಚ್ಚಿದ್ರ ಒಂದು ತಾಸು ತಡೀಬಹುದು ಅಂತ ಲೆಕ್ಕ ಹಾಕಿದ್ದೆ. ಕಿರಣಗ ಗೊತ್ತಾದ್ರ ಸಿಲಿಂಡರ್ ಬರೂತನ ನಿಲ್ಲಾವ ಅಲ್ಲ ಅಂವ" ಎಂದರು. ತಮ್ಮ ಅಂಗೈ ನೋಡಿಕೊಂಡರು. "ನಿನಗ ಹತ್ತು ಅಂತ ಬರದೆ, ಸಮಾಧಾನ ಆಗ್ಲಿ ಅಂತ. ನೀ ನನ್ನ ಭಾಷಾ ಎಂದೂ ಕಿವಿಮ್ಯಾಗ ಹಾಕ್ಕೊಂಡಿಲ್ಲ ಅಂತ ತಿಳದಿದ್ದೆ."

ಗಂಡಸರಿಗೆ ಹೆಂಡತಿ ಏನು ಕೇಳಿಸಿಕೊಂಡಿದ್ದಾಳೆ ಎನ್ನುವುದು ಎಂದಾದರೂ ತಿಳಿದಿದೆಯೇ? ಕೂಗಾಡಬೇಕೆನ್ನಿಸಿತು. ಕೂಗಾಡಲು ನನಗೆ ಯಾವ ಅಧಿಕಾರ ಉಳಿದಿತ್ತು? ಅವರು ಭಾನುವಾರ ಅಬಿಡ್ಸಿಗೆ ಹೋಗುವುದನ್ನು ಬಿಟ್ಟರು. ಮೇಷ್ಟ್ರೇ ಒಮ್ಮೆ ಮನೆಗೆ ಬಂದು ಕೂತು ಹೋದರು. ಈಗ ಊಟ ಆಯಿತೇ ಎಂದರೆ "ಹ್ಞೂಂ" ಎನ್ನುತ್ತಾರೆ. ಅದನ್ನು ಕೇಳಿದರೆ ನನಗೆ ಅಳು ಬರುತ್ತದೆ.

ಕಿರಣ ನಮ್ಮಲ್ಲೇ ಇದ್ದಾನೆ. ಮೂವತ್ತೈದರ ಗಂಡು, ಎರಡು ಮಹಡಿ ಹತ್ತಲು ನಾಲ್ಕು ಕಡೆ ನಿಲ್ಲುತ್ತಾನೆ. ಆ ಒಂದು ಮಾತನ್ನು ಒಂಬತ್ತು ತಿಂಗಳು ನುಂಗಿಕೊಂಡೇ ಇದ್ದೆ. ಇವರಿಗೂ ಹೇಳಿರಲಿಲ್ಲ. ಎಲ್ಲರೂ, ಅಕ್ಕನಿಗೆ ಅದು ಹೇಗೆ ಖಚಿತವಾಗಿ ತಿಳಿಯಿತೋ, ಪತಿವ್ರತೆ ಎಂದು ಹೊಗಳುತ್ತಿದ್ದರು. ಪ್ರತಿಸಲವೂ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಅವನು ಬಾಲ್ಕನಿಯಲ್ಲಿ ಕೂತು ಹೆಸರುಕಾಳು ಆರಿಸಿಕೊಡುತ್ತಿದ್ದ. ಇವರು ಕೆಲಸಕ್ಕೆ ಹೋಗಿದ್ದರು. ನಾನು ಪಕ್ಕದಲ್ಲಿ ಕೂತು ಹೇಳಿದೆ.

"ಕಿರಣಾ, ಅವತ್ತ ನನಗ ಪೂರಾ ಗೊತ್ತಿರಲಿಲ್ಲ. ನೀ ಕೇಳಿದಾಗ ಸುಳ್ಳ ಹೇಳಿದೆ. ನನಗಿದ್ದದ್ದು ಬರೇ ಆರು."

ಅವನು ಕಾಳಿನೊಳಗಿನ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟ. ಸಿಟ್ಟು ಮಾಡಲಿ, ಕಾಳಿನ ಮೊರ ಎತ್ತಿ ಎಸೆಯಲಿ ಎಂದು ಕಾದೆ. ಅವನು ಉಸಿರು ಎಳೆದುಕೊಂಡು, ನಡುನಡುವೆ ತಡೆದು, ಮೆಲ್ಲಗೆ ಮಾತಾಡಿದ. ಈಗ ಅವನು ಎಲ್ಲ ಮಾತನ್ನೂ ಹಾಗೇ ಆಡುತ್ತಾನೆ.

"ಆರು ಅಂದಿದ್ರೂ ಹೋಗತಿದ್ದೆ ಅಕ್ಕಾ. ಸಿಲಿಂಡರ್ ಬರೂತನ ನಿಂತು, ಹಾಕ್ಕೊಂಡು ಹೋಗತಿದ್ದೆ."

ಅಷ್ಟೇ ಹೇಳಿ ಮತ್ತೆ ಕಾಳು ಆರಿಸತೊಡಗಿದ. ನಾನು ಒಳಗೆ ಹೋಗಿ ಒಲೆ ಹಚ್ಚಿ, ಅವನ ಕೆಮ್ಮು ಕೇಳುತ್ತ ನಿಂತುಕೊಂಡೆ.